ಅಂಟುವಾಳದ ನೀರಿಗೆ ಬಿದ್ದ ಪಚ್ಚೆ

ಮೊನ್ನೆ ನೀರಿನ ಟ್ಯಾಂಕರ್ ಬರುವುದು ತಡವಾಗುತ್ತದೆ ಎಂದು ಹೇಳಲು ಮೂರನೇ ಮಹಡಿಯ ಬಾಡಿಗೆ ಹುಡುಗಿಯರ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ದೇವದಾರು ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಸೊಳ್ಳೆ ಕಾಟಕ್ಕೆಂದು ದೀಪದ ಮೇಲಿನ ಪುಟ್ಟ ಬಟ್ಟಲಿನಲ್ಲಿ ನಾಲ್ಕು ಹನಿ ಹಾಕಿಟ್ಟಿದ್ದರಂತೆ. "ಸ್ಮೆಲ್ ಚೆನ್ನಾಗಿದೆ ಅಲ್ವಾ ಆಂಟಿ?" ಎಂದಳು ಒಬ್ಬಳು. ಚೆನ್ನಾಗಿದೆಯಂತೆ! ಹೇಳಬೇಕಾದ್ದನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದು ಬಂದೆ. ಆಗಷ್ಟೇ ಕೊಯ್ದ ಮರದ ಹಾಗಿನ ಆ ವಾಸನೆ ಒಬ್ಬ ಮನುಷ್ಯನ ಬೆರಳುಗಳಿಗೆ ಅಂಟಿಕೊಂಡಿತ್ತು. ಅವರು ಸತ್ತು ಎರಡು ವರ್ಷವಾಗುತ್ತಾ ಬಂತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ.

ಹೆಬ್ಬಗೋಡಿಯ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರ ಅಂಗಡಿಯಿತ್ತು. ಒಂದು ಪಕ್ಕ ಬೇಕರಿ, ಇನ್ನೊಂದು ಪಕ್ಕ ಮೊಬೈಲ್ ರಿಪೇರಿ, ನಡುವೆ ಇವರ ನವರತ್ನದ ಹರಳುಗಳ ಅಂಗಡಿ. ಎಲ್ಲರೂ ಅವರನ್ನು ಹರಳಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲಿ ಪಾಠ ಮಾಡಿದ್ದರೋ, ಮಾಡಿದ್ದರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಆದರೆ ಮಾತಾಡುವಾಗ ಎದುರಿಗಿದ್ದವರು ತಾವಾಗಿಯೇ ಕೈಕಟ್ಟಿ ನಿಲ್ಲುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ಗಂಧ, ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಭೂತಗನ್ನಡಿ. ಬಾಯಲ್ಲಿ ಬೆಲ್ಲ.

ಅವರು ಒಂದೇ ಒಂದು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಸುಳ್ಳು ಹೇಳದೆಯೇ ಎದುರಿನವರನ್ನು ಮುಳುಗಿಸುವುದರಲ್ಲಿ ಅವರಷ್ಟು ಪಳಗಿದವರನ್ನು ನಾನು ಕಂಡಿಲ್ಲ. ರಾಯಚೂರು ಕಡೆಯ ಹುಡುಗನೊಬ್ಬ ಒಮ್ಮೆ ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಬಂದು ಹಸಿರು ಕಲ್ಲಿನ ಉಂಗುರ ಹಿಡಿದು ಕೇಳಿದ್ದ, "ಸರ, ಇದನ್ನ ಹಾಕ್ಕೊಂಡ್ರ ಕೆಲಸ ಪರ್ಮನೆಂಟ್ ಆಗತೈತೇನ್ರಿ?"

"ಪರ್ಮನೆಂಟ್ ಮಾಡೋದು ನಿಮ್ಮ ಮ್ಯಾನೇಜರ್ರು ಕಣಪ್ಪ, ಕಲ್ಲಲ್ಲ. ಕಲ್ಲು ನಿಂಗೆ ಧೈರ್ಯ ಕೊಡತ್ತೆ. ಧೈರ್ಯ ಇದ್ರೆ ತಾನೆ ಮ್ಯಾನೇಜರ್ ಹತ್ರ ಹೋಗಿ ಕೇಳೋದು?" ಎಂದರು ಮೇಷ್ಟ್ರು.

ಹುಡುಗ ಖುಷಿಯಾಗಿ ತೆಗೆದುಕೊಂಡು ಹೋದ. ಅದು ಪಚ್ಚೆಯೇ ಅಲ್ಲ, ಹಸಿರು ಓನಿಕ್ಸ್ ಎನ್ನುವ ಅಗ್ಗದ ಕಲ್ಲು. ಅವನು ಪಚ್ಚೆಯೇ ಎಂದು ಕೇಳಲಿಲ್ಲ, ಇವರು ಹೇಳಲಿಲ್ಲ. ಅಷ್ಟೇ ವ್ಯವಹಾರ. ನನಗೆ ಆಗ ನಗು ಬಂದಿತ್ತು, ಎಂಥ ಜಾಣ ಮನುಷ್ಯ ಅಂತ.

ನಾನು ಪೀಣ್ಯ ಕಡೆಯವಳು. ನಾಗಸಂದ್ರದ ಹಿಂದೆ ನಮ್ಮಪ್ಪನದು ಒಂದು ಸಣ್ಣ ವರ್ಕ್‌ಶಾಪು. ಕಬ್ಬಿಣದ ಪುಡಿ, ಮಿಷನ್ನಿಗೆ ಸುರಿಯುವ ಕೂಲೆಂಟಿನ ವಾಸನೆ ಇವುಗಳ ನಡುವೆಯೇ ಬೆಳೆದವಳು. ಮದುವೆಯಾಗಿ ಹೆಬ್ಬಗೋಡಿಗೆ ಬಂದೆ. ಗಂಡನ ಮನೆಯವರು ಇಲ್ಲಿನ ಹಳಬರು. ಹೊಲ ಇದ್ದ ಕಡೆ ಈಗ ಕಟ್ಟಡ, ಬೆಳೆಯ ಬದಲು ಬಾಡಿಗೆ. ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅನ್ನ ಆಯಿತಾ ಎನ್ನುವುದನ್ನು ಬಿಟ್ಟರೆ. ಸಂಜೆ ಬೇಕರಿಗೆ ಬ್ರೆಡ್ಡು ತರಲು ಇಳಿದಾಗ ಮೇಷ್ಟ್ರು "ಬಾಮ್ಮ ಮಗಳೇ, ಒಂದು ವಿಷಯ ತೋರಿಸ್ತೀನಿ" ಎಂದು ಕರೆಯುತ್ತಿದ್ದರು. ಒಬ್ಬರಾದರೂ ನನ್ನನ್ನು ತಲೆಯಿರುವ ಮನುಷ್ಯಳಂತೆ ಕಂಡು ಮಾತಾಡುತ್ತಾರಲ್ಲ ಎಂದು ನಾನು ಹೋಗಿ ಎದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನನಗೆ ಅವರೆಂದರೆ ಪ್ರೀತಿ ಇತ್ತು. ಇಲ್ಲದಿದ್ದರೆ ಇಷ್ಟು ಸಿಟ್ಟು ಎಲ್ಲಿಂದ ಬರಬೇಕು...

ಏನೇನೆಲ್ಲ ಹೇಳಿಕೊಟ್ಟರು! ಕೆಂಪು ಹರಳೂ ನೀಲವೂ ಒಂದೇ ತಾಯಿಯ ಮಕ್ಕಳು, ಬಣ್ಣ ಮಾತ್ರ ಬೇರೆ ಎಂದರು. ನಮ್ಮ ಮೈಸೂರು ಸೀಮೆಯ ನೆಲದಲ್ಲಿ ಸಿಗುವ ಮಬ್ಬು ಮಾಣಿಕ್ಯವನ್ನು ದೀಪಕ್ಕೆ ಹಿಡಿದು, ಅದರ ನೆತ್ತಿಯ ಮೇಲೆ ಆರು ಕಾಲಿನ ನಕ್ಷತ್ರ ಮೂಡುವುದನ್ನು ತೋರಿಸಿದರು. ಮುತ್ತು, ಹವಳ ಎರಡೂ ಕಲ್ಲೇ ಅಲ್ಲ, ಸಮುದ್ರದ ಜೀವಿಗಳು ಮಾಡಿದ್ದು, ಬೆವರು ತಾಗಿದರೂ ಮಂಕಾಗುತ್ತವೆ ಎಂದರು. ಪಚ್ಚೆಯ ಮಾತು ಬಂದರೆ ಅವರ ದನಿಯೇ ಬದಲಾಗುತ್ತಿತ್ತು. ಸಮುದ್ರದಾಚೆಯ ಬೆಟ್ಟಗಳಿಂದ ಹಡಗಿನಲ್ಲಿ ಬಂದ ಪಚ್ಚೆಗಳ ಮೇಲೆ ದೆಹಲಿಯ ಬಾದಶಹರು ಪ್ರಾರ್ಥನೆ ಕೆತ್ತಿಸಿ ತೋಳಿಗೆ ಕಟ್ಟಿಕೊಳ್ಳುತ್ತಿದ್ದರಂತೆ. ಪಚ್ಚೆ ಕಂಡರೆ ಹಾವಿನ ಕಣ್ಣು ಕುರುಡಾಗುತ್ತದೆ ಎಂದು ಹಳಬರು ನಂಬಿದ್ದರಂತೆ. ಪಚ್ಚೆ ಬುಧನ ಕಲ್ಲು. ಬುಧ ಎಂದರೆ ಬುದ್ಧಿ, ಮಾತು, ವ್ಯಾಪಾರ. ಬುಧವಾರ ಹಸಿ ಹಾಲಿನಲ್ಲಿ ಅದ್ದಿ ಕಿರುಬೆರಳಿಗೆ ಹಾಕಿಕೊಳ್ಳಬೇಕು. ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ಅಪ್ರೈಸಲ್ ಹತ್ತಿರ ಬಂತೆಂದರೆ ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡೇ ಬಂದು ಬೆರಳಳತೆ ಕೊಟ್ಟು ಹೋಗುತ್ತಿದ್ದರು.

ಇಷ್ಟೆಲ್ಲ ಹೇಳಿದ ಮನುಷ್ಯ ಒಂದನ್ನು ಮಾತ್ರ ಹೇಳಲಿಲ್ಲ. ದೇವರ ಪಟದ ಹಿಂದೆ ಒಂದು ಕಂದು ಬಣ್ಣದ ಪುಟ್ಟ ಸೀಸೆ ಇಟ್ಟಿರುತ್ತಿದ್ದರು. ಅಂಗಡಿಗೆಲ್ಲ ಅದರದೇ ದೇವದಾರು ವಾಸನೆ. ಅದೇನು ಮೇಷ್ಟ್ರೇ ಎಂದರೆ, "ಪಾಲಿಶ್ ಎಣ್ಣೆ ಕಣಮ್ಮ" ಎಂದು ಮಾತು ಬದಲಿಸುತ್ತಿದ್ದರು.

ನಮ್ಮ ಮಾವ ಬದುಕಿದ್ದಾಗ, ರಸ್ತೆ ಪಕ್ಕದ ಜಮೀನು ಮಾರಿದ ಹೊಸದರಲ್ಲಿ, ಇದೇ ಮೇಷ್ಟ್ರ ಹತ್ತಿರ ಅತ್ತೆಗೆಂದು ಒಂದು ಪಚ್ಚೆ ಪದಕ ಕೊಂಡಿದ್ದರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಲ್ಲು, ಸುತ್ತ ಚಿನ್ನದ ಕಟ್ಟು. ಆ ಬೀದಿಯಲ್ಲಿ ಅದನ್ನು ನೋಡದವರಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಹಾಕಿಕೊಳ್ಳಲಿಲ್ಲ. ನನ್ನ ಮದುವೆಯಲ್ಲಿ ಎಲ್ಲರ ಎದುರು ನನ್ನ ಕೊರಳಿಗೆ ಹಾಕಿದರು. ಅದನ್ನು ಅವರು ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು.

ನಾದಿನಿಯ ಮದುವೆ ಗೊತ್ತಾಯಿತು. ಚಪ್ಪರದ ಹಿಂದಿನ ದಿನ ಅತ್ತೆ ಒಡವೆಯ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. "ಎಲ್ಲಾನೂ ಅಂಟ್ವಾಳದ ನೀರ್ನಾಗೆ ಹಾಕಿ ಒಂದ್ ಕುದಿ ಬರ್ಸು. ಆಮ್ಯಾಕೆ ಬ್ರಶ್ನಾಗೆ ಉಜ್ಜು. ಮದ್ವೆ ಮನೆಯಾಗೆ ಫಳಫಳ ಅನ್ಬೇಕು."

ಆ ಮನೆಯಲ್ಲಿ ಯಾವಾಗಲೂ ಹಾಗೇ ಮಾಡುತ್ತಿದ್ದದ್ದು. ನಮ್ಮಮ್ಮನ ಮನೆಯಲ್ಲೂ ಹಾಗೇ. ಕೆಂಪಿನ ಓಲೆ, ಕೆಂಪಿನ ಬಳೆ, ಅಡ್ಡಿಕೆ, ಎಲ್ಲ ಅಂಟುವಾಳದ ನೊರೆಯಲ್ಲಿ ಮುಳುಗೆದ್ದು ಹೊಸದರಂತೆ ಹೊಳೆಯುತ್ತವೆ. ಕೆಂಪಿಗೆ ಏನೂ ಆಗುವುದಿಲ್ಲ, ಗಟ್ಟಿ ಜೀವ. ಪದಕವನ್ನು ಮಾತ್ರ ಅದುವರೆಗೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು, ಕುದಿಸಿರಲಿಲ್ಲ. ಆದರೆ ಪಚ್ಚೆಯೂ ಕಲ್ಲೇ ಅಲ್ಲವೇ? ಹಾಕಿದೆ. ಕುದಿ ಬಂತು. ಇಳಿಸಿ, ಅಡುಗೆ ಕೆಲಸ ಮುಗಿಸಿ, ನೀರು ತಣ್ಣಗಾದ ಮೇಲೆ ಒಂದೊಂದಾಗಿ ತೆಗೆದು ಉಜ್ಜಿದೆ. ಕೊನೆಗೆ ಪದಕ ಕೈಗೆ ಬಂತು. ಹಸಿರು ಹೋಗಿ ತಿಳಿ ಮಜ್ಜಿಗೆಯ ಬಣ್ಣಕ್ಕೆ ಬಂದಿತ್ತು. ಬಿಸಿ ಹಾಲು ಸುರಿದು ಸೀಳಿದ ಗಾಜಿನ ಲೋಟದ ಹಾಗೆ ಒಳಗೆಲ್ಲ ಬಿಳಿ ಗೆರೆಗಳು.

ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೋಡಿದ್ದೇ ತಡ, "ಇದು ನಮ್ ಕಲ್ಲಲ್ಲ" ಎಂದರು.

"ಅತ್ತೆ, ನೀವು ಹೇಳ್ದಂಗೆ ತೊಳ್ದಿದ್ದು ಅಷ್ಟೇ..."

"ನಂಗ್ ಕಣ್ಣಿಲ್ವಾ? ಇದು ಗಾಜು. ನಮ್ ಕಲ್ಲೆಲ್ಲಿ ಹೇಳು."

ಮೂವರೂ ಮೆಟ್ಟಿಲಿಳಿದು ಮೇಷ್ಟ್ರ ಅಂಗಡಿಗೆ ಹೋದೆವು. ಅತ್ತೆ ಮುಂದೆ, ನನ್ನ ಗಂಡ ನಡುವೆ, ಹಿಂದೆ ನಾನು. ನಿಜ ಹೇಳುತ್ತೇನೆ, ನನಗೆ ಭಯವೇ ಇರಲಿಲ್ಲ. ಹೋಗುತ್ತಿರುವುದು ಮೇಷ್ಟ್ರ ಹತ್ತಿರ ತಾನೆ, ಅವರಿಗೆ ಗೊತ್ತಿಲ್ಲದ ಕಲ್ಲು ಇದೆಯೇ, ನೋಡಿದ ಕೂಡಲೇ ಏನಾಗಿದೆ ಎಂದು ಹೇಳಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಭೂತಗನ್ನಡಿ ಕಣ್ಣಿಗಿಟ್ಟು ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಮ್ಮೆ ಮೂಗಿನ ಹತ್ತಿರ ಹಿಡಿದರು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಬರೀ ಒಂದು ಕ್ಷಣ. ಅಷ್ಟರಲ್ಲೇ ಅವರು ತೀರ್ಮಾನ ಮಾಡಿ ಮುಗಿಸಿದ್ದರು ಎಂದು ಈಗ ನನಗೆ ಗೊತ್ತು.

"ನಾನು ಯಜಮಾನ್ರಿಗೆ ಕೊಟ್ಟಾಗ ಕಲ್ಲು ಹಿಂಗಿರ್ಲಿಲ್ಲಮ್ಮ" ಎಂದರು.

"ಅಂಗಾರೆ ಬದ್ಲಾಗ್ಯದೆ ಅನ್ನಿ" ಎಂದರು ಅತ್ತೆ.

"ಛೆ ಛೆ, ಹಂಗೆ ನಾನು ಹೇಳಕ್ಕಾಗಲ್ಲ. ಕಣ್ಣಿಗೆ ಕಂಡಿದ್ದು ಹೇಳ್ದೆ ಅಷ್ಟೇ."

"ಮೇಷ್ಟ್ರೇ, ಅಂಟುವಾಳದ ನೀರಲ್ಲಿ ಕುದ್ಸಿದ್ರೆ ಹಿಂಗಾಗತ್ತಾ? ಹೇಳಿ ಮೇಷ್ಟ್ರೇ" ಎಂದೆ.

ಅವರು ನಕ್ಕರು. ಪಾಠ ಹೇಳುವಾಗ ನಗುತ್ತಿದ್ದ ಅದೇ ನಗು. "ಕಲ್ಲು ನೀರಲ್ಲಿ ಕರಗತ್ತೇನಮ್ಮ ಮಗಳೇ?"

ನೋಡಿ, ಇದರಲ್ಲೂ ಸುಳ್ಳಿಲ್ಲ. ಕಲ್ಲು ನೀರಲ್ಲಿ ಕರಗುವುದಿಲ್ಲ. ಕೊಟ್ಟಾಗ ಹೀಗಿರಲಿಲ್ಲ ಎನ್ನುವುದೂ ನಿಜ. ಎರಡು ನಿಜಗಳನ್ನು ಮೇಜಿನ ಮೇಲಿಟ್ಟು ಮೇಷ್ಟ್ರು ಕೈತೊಳೆದುಕೊಂಡರು. ಮಿಕ್ಕದ್ದನ್ನು ನಮ್ಮತ್ತೆ ನೋಡಿಕೊಂಡರು.

ಅತ್ತೆಗೆ ಹುಡುಕಲು ದೂರವೇನೂ ಹೋಗಬೇಕಾಗಲಿಲ್ಲ. ಆ ತಿಂಗಳು ತಾನೆ ನಮ್ಮಪ್ಪ ವರ್ಕ್‌ಶಾಪಿಗೆ ಕಬ್ಬಿಣ ಕಡೆಯುವ ಹೊಸ ಲೇತ್ ಮಿಷನ್ ಹಾಕಿದ್ದರು. ಬ್ಯಾಂಕಿನವರ ಬಾಗಿಲು ಸವೆಸಿ ತಂದ ಲೇತು; ಪೂಜೆಗೆ ಅತ್ತೆಯವರನ್ನೂ ಕರೆದು ಸಿಹಿ ಕೊಟ್ಟು ಕಳಿಸಿದ್ದರು. "ಈಗ್ ಗೊತ್ತಾಯ್ತು ಬಿಡು ಲೇತ್ ಎಲ್ಲಿಂದ ಬಂತು ಅಂತ. ಪಚ್ಚೆ ಪೀಣ್ಯಕ್ಕೆ ಓಗ್ಯದೆ, ಗಾಜು ನಮ್ ಮನೆಗೆ ಬಂದದೆ" ಎಂದು ಮೆಟ್ಟಿಲ ಮೇಲೇ ಅಂದರು. ಬೇಕರಿಯವನಿಗೆ ಕೇಳಿಸುವಷ್ಟು ಜೋರಾಗಿ. ಪದಕವನ್ನು ನನ್ನ ಕಡೆ ಎಸೆದರು, ನಿನ್ನ ಗಾಜು ನೀನೇ ಇಟ್ಟುಕೋ ಎಂದು. ನನ್ನ ಗಂಡ ಕೂಗಾಡಲಿಲ್ಲ. ರೂಮಿನ ಬಾಗಿಲು ಹಾಕಿ ಮೆಲ್ಲಗೆ ಕೇಳಿದರು, "ನಿಜ ಹೇಳು, ನಿಮ್ಮಪ್ಪಂಗೇನಾದ್ರೂ ಕೊಟ್ಯಾ?" ಅತ್ತೆಯ ಕೂಗಾಟ ನನಗೆ ಮರೆತುಹೋಗಿದೆ. ಆ ಮೆಲುದನಿ ಮರೆತಿಲ್ಲ.

ಬೇರೆ ಕಡೆ ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಏನು ಹೇಳಲಿ, ನಾನೂ ಮೇಷ್ಟ್ರನ್ನೇ ನಂಬಿದ್ದೆ! ಹಿಂದೊಮ್ಮೆ ಪದಕದ ಕೊಂಡಿ ಸರಿಮಾಡಲು ಕೊಟ್ಟಾಗ ಅಕ್ಕಸಾಲಿಗನೇ ಕಲ್ಲು ಬದಲಾಯಿಸಿರಬೇಕು ಎಂದುಕೊಂಡು, ಏನೂ ಅರಿಯದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಪದಕವನ್ನು ಬೀರುವಿನ ತಳಕ್ಕೆ ತುರುಕಿದೆ.

ಮದುವೆಗೆ ಅಪ್ಪ ಬಂದರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಊಟಕ್ಕೆ ಕೂತಿದ್ದಾಗ ಅತ್ತೆಯ ತಮ್ಮ, ಬಾಯಿ ತುಂಬಾ ಅನ್ನ ಇಟ್ಟುಕೊಂಡೇ, ಸಾಲಿಗೆಲ್ಲ ಕೇಳಿಸುವ ಹಾಗೆ ಕೇಳಿದ, "ಏನ್ ಬೀಗರೇ, ಒಸಾ ಲೇತ್‌ಗೆ ಯಾವ್ ಬಣ್ಣ ಒಡೆಸಿದ್ರಿ? ಪಚ್ಚೆ ಬಣ್ಣಾನಾ?" ಸಾಲು ಸಾಲೇ ನಕ್ಕಿತು. ಅಪ್ಪನಿಗೆ ಅರ್ಥವಾಗಲಿಲ್ಲ. "ಹೌದು, ಹಸಿರೇ. ಕಂಪನಿಯಿಂದ ಹಂಗೇ ಬರತ್ತೆ" ಎಂದು ಸರಳವಾಗಿ ಉತ್ತರ ಕೊಟ್ಟರು. ಇನ್ನೂ ಜೋರಾಗಿ ನಕ್ಕರು. ಪಕ್ಕದಲ್ಲಿದ್ದ ಯಾರೋ ಕಿವಿಯಲ್ಲಿ ಹೇಳಿರಬೇಕು... ಅಪ್ಪನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಎದ್ದು ಕೈತೊಳೆದು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ತಲೆ ಒಮ್ಮೆ ಮುಟ್ಟಿ, ಬಸ್ಸು ಹತ್ತಿದರು. ಅದಾದ ಮೇಲೆ ನಮ್ಮ ಮನೆ ಬಾಗಿಲು ಅವರು ತುಳಿಯಲಿಲ್ಲ. ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು ನೋಡಿಕೊಂಡು ಹೋದರು, ನಾಮಕರಣಕ್ಕೆ ಬರಲಿಲ್ಲ.

ಮಗಳಿಗೆ ಐದು ತುಂಬಿದಾಗ ಅವಳಿಗೆ ಓಲೆ ಮಾಡಿಸೋಣ ಎನಿಸಿತು. ಹೇಗಿದ್ದರೂ ಗಾಜಿನ ಪದಕ, ಕಲ್ಲು ಕಿತ್ತುಹಾಕಿ ಚಿನ್ನ ಕರಗಿಸಿದರಾಯಿತು ಎಂದು ಮಾರತ್ತಹಳ್ಳಿಯ ಒಂದು ದೊಡ್ಡ ಅಂಗಡಿಗೆ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ, "ಮೇಡಂ, ಇದನ್ನ ಯಾಕೆ ಕೀಳಿಸ್ತೀರ? ಇದು ಗಾಜಲ್ಲ, ಒರಿಜಿನಲ್ ಎಮರಾಲ್ಡ್" ಎಂದಳು. ಅವಳೇ ಬಿಡಿಸಿ ಹೇಳಿದಳು. ಪಚ್ಚೆಗೆ ಹುಟ್ಟಿನಿಂದಲೇ ಮೈಯೆಲ್ಲ ಸಣ್ಣ ಬಿರುಕು. ಅದು ಕಾಣದಿರಲೆಂದು ವ್ಯಾಪಾರಿಗಳು ಬಿರುಕಿಗೆ ಎಣ್ಣೆ ಕುಡಿಸುತ್ತಾರೆ. ಪ್ರಪಂಚದಲ್ಲೆಲ್ಲ ಹಾಗೇ, ಹೇಳಿ ಮಾರಿದರೆ ತಪ್ಪೂ ಅಲ್ಲ. ಕೆಲವರು ಎಣ್ಣೆಗೆ ಹಸಿರು ಬಣ್ಣವನ್ನೂ ಬೆರೆಸುತ್ತಾರೆ. ಬಿಸಿ ನೀರು, ಸೋಪು ತಾಗಿದರೆ ಎಣ್ಣೆಯೆಲ್ಲ ಹೊರಟು ಬಿರುಕು ಬಿಳಿಯಾಗಿ ಎದ್ದು ಕಾಣುತ್ತದೆ. "ಮನೇಲಿ ಯಾರಾದ್ರೂ ಕುದಿಸಿದ್ರಾ?" ಎಂದು ಕೇಳಿದಳು. ದೇವರ ಪಟದ ಹಿಂದಿನ ಸೀಸೆ ಆಗ ನನ್ನ ಕಣ್ಣಿಗೆ ಕಟ್ಟಿತು. ಮೂಗಿನ ಹತ್ತಿರ ಹಿಡಿದು ನೋಡಿದ್ದು ಯಾಕೆಂದು ಆಗ ತಿಳಿಯಿತು.

ಮಾರತ್ತಹಳ್ಳಿಯಿಂದ ಹೆಬ್ಬಗೋಡಿಯವರೆಗೆ, ಆ ಟ್ರಾಫಿಕ್ಕಿನಲ್ಲಿ, ಮೈಯೆಲ್ಲ ಉರಿಯುತ್ತಿತ್ತು. ನೇರ ಅಂಗಡಿಗೇ ಹೋದೆ.

"ಮೇಷ್ಟ್ರೇ, ಇದು ಗಾಜಾ?"

ಅವರು ಪದಕ ನೋಡಿದರು, ನನ್ನನ್ನು ನೋಡಿದರು. "ಗಾಜು ಅಂತ ನಾನು ಯಾವತ್ತಮ್ಮ ಅಂದೆ?"

ಹೌದಲ್ಲ, ಅಂದೇ ಇರಲಿಲ್ಲ! ನನಗೆ ಆ ಗಾಜಿನ ಕೌಂಟರು ಒಡೆದು ಹಾಕುವಷ್ಟು ಸಿಟ್ಟು ಬಂತು. "ಎಣ್ಣೆ ಹೋಗಿದೆ ಅಂತ ನಿಮಗೆ ಗೊತ್ತಿತ್ತು. ಆವತ್ತು ಯಾಕೆ ಹೇಳ್ಲಿಲ್ಲ?"

ಅವರು ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. "ಹೇಳಿದ್ರೆ ನಿಮ್ಮತ್ತೆ ನನ್ನ ಬಿಡ್ತಿದ್ರಾ? ಬಿರುಕು ಬಿಟ್ಟಿರೋ ಕಲ್ಲಿಗೆ ಎಣ್ಣೆ ಬಳಿದು ನನ್ನ ಗಂಡಂಗೆ ಟೋಪಿ ಹಾಕಿದ್ಯಾ ಅಂತ ಆವತ್ತೇ ಬೋರ್ಡ್ ಕಿತ್ತು ಹೊರಗೆ ಹಾಕಿಸ್ತಿದ್ರು. ಎಲ್ಲಾರೂ ಎಣ್ಣೆ ಹಾಕೇ ಮಾರೋದು ಮಗಳೇ. ನಿಂಗಾದ್ರೆ ಅದು ಮನೆ ಜಗಳ, ನಾಲ್ಕು ದಿನಕ್ಕೆ ಸರಿಹೋಗತ್ತೆ ಅಂದ್ಕೊಂಡೆ. ನಂಗೆ ಅನ್ನದ ಪ್ರಶ್ನೆ."

"ನನ್ನನ್ನ ಮಗಳೇ ಅನ್ಬೇಡಿ" ಎಂದೆ.

ಅವರು ಸೋತವರ ಹಾಗೆ ಪದಕ ಇಸಿದುಕೊಂಡರು. ಕಲ್ಲನ್ನು ಬಲ್ಬಿನ ಕೆಳಗೆ ಹದವಾಗಿ ಬೆಚ್ಚಗೆ ಮಾಡಿ, ಆ ಕಂದು ಸೀಸೆಯ ಎಣ್ಣೆಯಲ್ಲಿ ಮುಳುಗಿಸಿ, ನಾಳೆ ಸಂಜೆ ಬಾ ಎಂದರು. ಮಾರನೆಯ ಸಂಜೆ ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಲಿಟ್ಟಾಗ ಅದು ಮದುವೆಯ ದಿನ ನನ್ನ ಕೊರಳಿಗೆ ಬಿದ್ದ ಅದೇ ಹಸಿರು. ಬಿರುಕಿನ ಸುಳಿವೇ ಇಲ್ಲ. ಆಮೇಲೆ ಪಾಠ ಶುರುವಾಯಿತು. ಬಿಸಿ ನೀರು ತಾಗಿಸಬೇಡ, ಸೋಪು ಬೇಡ, ಒಲೆ ಮುಂದೆ ನಿಲ್ಲುವಾಗ ತೆಗೆದಿಡು, ಬಿಸಿಲಿಗೆ ಇಡಬೇಡ, ಕೆಂಪಿನ ಒಡವೆಯ ಜೊತೆ ಒಂದೇ ಡಬ್ಬಿಗೆ ಹಾಕಿದರೆ ಗೀರು ಬೀಳುತ್ತದೆ, ಬೇರೆ ಹತ್ತಿಯಲ್ಲಿ ಸುತ್ತಿಡು, ಕೊಳೆಯಾದರೆ ತಣ್ಣೀರಿನ ಒದ್ದೆ ಬಟ್ಟೆಯಲ್ಲಿ ಒರೆಸು, ಕೆಲವು ವರ್ಷಕ್ಕೊಮ್ಮೆ ಎಣ್ಣೆ ಹಾಕಿಸು. ಎಷ್ಟು ಮುದ್ದಾಗಿ ಹೇಳಿದರು! ಮಾವನಿಗೆ ಮಾರುವಾಗ ಇದರಲ್ಲಿ ಒಂದು ಮಾತು ಹೇಳಿದ್ದರೂ ಸಾಕಿತ್ತು. ಕಲ್ಲನ್ನು ಅಷ್ಟು ಜೋಪಾನ ಮಾಡುವ ಮನುಷ್ಯನಿಗೆ ಎದುರಿಗೆ ನಿಂತ ಹೆಂಗಸು ಲೆಕ್ಕಕ್ಕೆ ಇರಲಿಲ್ಲ.

ನಾನು ಕೇಳಿದ್ದು ಒಂದೇ. "ನಮ್ಮತ್ತೆಗೆ ಹೇಳೋಕೆ ಭಯ ಅಂದ್ರೆ ಹೋಗ್ಲಿ. ನಮ್ಮಪ್ಪನ ಮುಂದೆ ಬಂದು ಒಂದ್ಸಲ ಹೇಳಿ. ಕಲ್ಲು ನಿಜವಾದ್ದೇ, ನಿಮ್ಮ ಮಗಳದ್ದೇನೂ ತಪ್ಪಿಲ್ಲ ಅಂತ. ನಾನು ಹೇಳಿದ್ರೆ ಮಗಳು ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೋತಾರೆ."

"ಆಯ್ತಮ್ಮ. ಭಾನುವಾರ ಬರ್ತೀನಿ" ಎಂದರು. ಸುಳ್ಳೇ ಹೇಳದ ಮನುಷ್ಯ ಅಲ್ಲವೇ, ನಂಬಿದೆ.

ಆ ಭಾನುವಾರ ಅಪ್ಪ ಗಡ್ಡ ಬೋಳಿಸಿ, ಬೀರುವಿನಲ್ಲಿದ್ದ ಒಳ್ಳೆ ಶರ್ಟು ಹಾಕಿಕೊಂಡು ಕೂತಿದ್ದರು. ಅಮ್ಮ ಕೇಸರಿಬಾತ್ ಮಾಡಿದ್ದರು. ಹೊಸಬರಿಗೆ ದಾರಿ ತಿಳಿಯುವುದಿಲ್ಲ ಎಂದು ಅಪ್ಪ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಮುಂದೆ ಬಿಸಿಲಿನಲ್ಲಿ ಹೋಗಿ ನಿಂತರು. ನಾನೂ ಜೊತೆಗಿದ್ದೆ. ರೈಲು ಬಂದಾಗಲೆಲ್ಲ ಜನ ಇಳಿದು ಬರುತ್ತಿದ್ದರು, ಬಿಳಿ ಶರ್ಟು ಕಂಡಾಗಲೆಲ್ಲ ಅಪ್ಪ "ಅವರಾ?" ಎನ್ನುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಮೇಷ್ಟ್ರ ಫೋನು ಸಿಕ್ಕಿತು. ಕಾಲುನೋವಂತೆ, ಮುಂದಿನ ವಾರ ನೋಡೋಣವಂತೆ. ಮುಂದಿನ ವಾರ ಯಾರದೋ ಗೃಹಪ್ರವೇಶ. ಅದರ ಮುಂದಿನ ವಾರ ಅಪ್ಪನೇ, "ಬಿಡಮ್ಮ, ಅವರನ್ನ ಯಾಕೆ ಪೀಡಿಸ್ತೀಯ. ನೀನು ಹೇಳಿದ್ಯಲ್ಲ, ನಂಗೆ ಸಾಕು" ಎಂದರು.

ಸಾಕಾಗಿರಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಮಗಳ ಮಾತಲ್ಲ, ನಾಲ್ಕು ಜನ ಒಪ್ಪುವ ಹೊರಗಿನವರೊಬ್ಬರ ಮಾತು. ಆ ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪ ವರ್ಕ್‌ಶಾಪಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ತಲುಪಲಿಲ್ಲ. ಕರ್ಮ ಮುಗಿಸಿ ಹೆಬ್ಬಗೋಡಿಗೆ ವಾಪಸ್ಸಾದಾಗ ಮೇಷ್ಟ್ರು ಅಂಗಡಿಯಿಂದ ಹೊರಗೆ ಬಂದು ಕೈಮುಗಿದರು. "ಒಳ್ಳೇ ಮನುಷ್ಯ ಕಣಮ್ಮ ನಿಮ್ಮಪ್ಪ."

"ನೀವು ಯಾವಾಗ ನೋಡಿದ್ರಿ ಮೇಷ್ಟ್ರೇ?" ಎಂದೆ.

ನಾನು ಅವರೊಂದಿಗೆ ಆಡಿದ ಕೊನೆಯ ಮಾತು ಅದು. ಮುಂದಿನ ವರ್ಷ ಅವರೂ ಹೋದರು. ಅಂಗಡಿಯ ಜಾಗಕ್ಕೆ ಜ್ಯೂಸ್ ಸೆಂಟರ್ ಬಂತು.

ಮೇಷ್ಟ್ರು ಸತ್ತ ಸುದ್ದಿ ಕೇಳಿ ಅತ್ತೆ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡರು. "ಸತ್ಯವಂತ. ಒಂದ್ ದಿನಾನೂ ಸುಳ್ಳಾಡ್ದೋನಲ್ಲ" ಎಂದರು. ಅಷ್ಟು ಸಾಕಾಯಿತು ನನಗೆ. ಮೇಷ್ಟ್ರ ಬಾಯಿಂದಲೇ ಹೇಳಿಸಬೇಕು ಎಂದು ಬಚ್ಚಿಟ್ಟುಕೊಂಡಿದ್ದ ಪದಕವನ್ನು ತಂದು ಅತ್ತೆಯ ಮುಂದೆ ಇಟ್ಟೆ. ಹಸಿರು ಕಲ್ಲು ಥಳಥಳ ಎನ್ನುತ್ತಿತ್ತು. ಅತ್ತೆ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ಅವರು ಏನೆಂದರು ಗೊತ್ತೇ?

"ನೋಡ್ದಾ, ನಮ್ ಕಲ್ಲು! ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟ್ ದಿನ? ನಿಮ್ಮಪ್ಪ ಓದ ಮ್ಯಾಕೆ ನಿಮ್ ತೌರ್ನೋರು ವಾಪಸ್ ಕೊಟ್ರಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಳಿಯಾಗಿದ್ದರೆ ಗಾಜು, ಹಸಿರಾದರೆ ಕದ್ದದ್ದು. ಅದು ನಾನು ತೊಳೆದ ಅದೇ ಕಲ್ಲು ಎಂದು ಹೇಳಬಲ್ಲ ಒಂದೇ ಬಾಯಿ ಆ ಬೆಳಿಗ್ಗೆ ಮಣ್ಣಾಗಿತ್ತು. ನಾನು ಮರುಮಾತಾಡದೆ ಡಬ್ಬಿಯಿಂದ ಅಂಟುವಾಳ ತೆಗೆದೆ, ಪಾತ್ರೆಗೆ ನೀರು ಹಾಕಿದೆ, ಸ್ಟೌ ಹಚ್ಚಿದೆ. ಗಂಡನನ್ನೂ ಕೂಗಿ ಕರೆದೆ. ಕುದಿಯುವ ನೊರೆಗೆ ಅವರಿಬ್ಬರ ಕಣ್ಣೆದುರೇ ಪದಕ ಬಿಟ್ಟೆ. "ನಿಂತ್ಕೊಂಡು ನೋಡಿ. ಯಾರೂ ಎಲ್ಲಿಗೂ ಹೋಗ್ಬೇಡಿ" ಎಂದೆ. ಆ ಮನೆಯಲ್ಲಿ ನಾನು ದನಿಯೆತ್ತಿದ್ದು ಅದೇ ಮೊದಲು. ನೀರು ತಣ್ಣಗಾಗುವವರೆಗೆ ಮೂವರೂ ಅಲ್ಲೇ ಇದ್ದೆವು. ಹೊರತೆಗೆದಾಗ ಅದೇ ತಿಳಿ ಮಜ್ಜಿಗೆ, ಅದೇ ಬಿಳಿ ಗೆರೆಗಳು, ಈ ಸಲ ಇನ್ನಷ್ಟು.

ಅತ್ತೆ ಬೆರಳಿನಿಂದ ಕಲ್ಲನ್ನು ಉಜ್ಜಿದರು, ಕಿಟಕಿಯ ಹತ್ತಿರ ಹೋಗಿ ನೋಡಿದರು, ಮತ್ತೆ ಬಂದರು. "ಅಂಗಾರೆ ಮೇಷ್ಟ್ರು ಯಾಕ್ ಅಂಗಂದ್ರು?" ಎಂದರು. ಕಣ್ಣಾರೆ ಕಂಡ ಮೇಲೂ ಅವರಿಗೆ ಇನ್ನೂ ಮೇಷ್ಟ್ರದೇ ಮಾತು.

"ಹೋಗಿ ಅವರನ್ನೇ ಕೇಳಿ" ಎಂದೆ.

ನನ್ನ ಗಂಡ ಬಾಗಿಲ ಹತ್ತಿರ ನಿಂತು "ತಪ್ಪಾಯ್ತು" ಎಂದರು. ಯಾರಿಗೆ ಹೇಳ್ತಿದ್ದೀರ ಎಂದು ಕೇಳಿದೆ.

ಆ ಕಲ್ಲಿಗೆ ಮತ್ತೆ ಎಣ್ಣೆ ಹಾಕಿಸಿಲ್ಲ. ಮಾರತ್ತಹಳ್ಳಿಯ ಅಂಗಡಿಯಲ್ಲಿ ಹಾಕಿಕೊಡುತ್ತಾರೆ, ಕಷ್ಟವೇನಿಲ್ಲ. ನನಗೆ ಬೇಡ. ಮದುವೆ ಮುಂಜಿಗೆ ಹೋಗುವಾಗ ಅದನ್ನು ಹಾಗೇ, ಬಿರುಕಿನ ಸಮೇತ ಹಾಕಿಕೊಂಡು ಹೋಗುತ್ತೇನೆ. ಅತ್ತೆಗೆ ಇರಿಸುಮುರಿಸಾಗುತ್ತದೆ ಎಂದು ಗೊತ್ತಿದ್ದೇ ಹಾಕಿಕೊಳ್ಳುತ್ತೇನೆ.

ಹೋದ ತಿಂಗಳು ನಂಟರ ಮದುವೆಯೊಂದರಲ್ಲಿ ಅತ್ತೆಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಎದುರಿನ ಸಾಲಿನ ಹೆಂಗಸೊಬ್ಬಳು ನನ್ನ ಕೊರಳನ್ನೇ ನೋಡುತ್ತಾ, "ಇದೇನಕ್ಕ ನಿಮ್ ಸೊಸೆ ಪದಕ ಇಂಗಾಗೋಗ್ಯದೆ? ಅದೇ ಅಲ್ವಾ, ಅವಾಗ ಬದ್ಲಾಗೋಯ್ತು ಅಂತಿದ್ರಲ್ಲ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಕೋಸಂಬರಿ ಬಾಯಿಗೆ ಹಾಕಿಕೊಳ್ಳುತ್ತಾ, ಸಾಲಿಗೆಲ್ಲ ಕೇಳಿಸುವ ದನಿಯಲ್ಲಿ ಹೇಳಿದರು, "ಬದ್ಲಾಗಿರ್ಲಿಲ್ಲ ಕಣೆ. ಅಂಟ್ವಾಳದ ನೀರ್ಗೆ ಆಕ್ಬಾರ್ದಿತ್ತಂತೆ. ನಾನೇ ಆಕು ಅಂದಿದ್ದೆ. ಅವ್ಳದೇನ್ ತಪ್ಪಿಲ್ಲ." ಹೇಳಿ, ಬಡಿಸುವವನನ್ನು ಕರೆದು ಇನ್ನಷ್ಟು ಅನ್ನ ಹಾಕಿಸಿಕೊಂಡರು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅತ್ತೆಯ ಮೇಲಿದ್ದ ಸಿಟ್ಟೂ ಆ ಕ್ಷಣಕ್ಕೆ ಸರಿದು ಮೇಷ್ಟ್ರ ಕಡೆಗೇ ಹೊರಳಿತು. ಕೋಸಂಬರಿ ಅಗಿಯುವಷ್ಟು ಹೊತ್ತೂ ಹಿಡಿಯದ ಮಾತು. ಇಷ್ಟನ್ನು ಕೇಳಲು ಅಪ್ಪ ಒಳ್ಳೆ ಶರ್ಟು ಹಾಕಿಕೊಂಡು ಬಿಸಿಲಿನಲ್ಲಿ ನಿಂತಿದ್ದರು...